ಒಲೆ ಹಚ್ಚುವ ಕೈ

ರಾಯಕೋಟೆ ರಸ್ತೆಯ ಗುಲಾಬಿ ತೋಟದ ಹಿಂದೆ, ಹೆಂಚಿನ ಮನೆಯೊಂದರಲ್ಲಿ ಯಹೂದಿ ಮಕ್ಕಳ ಪುಟ್ಟ ಶಾಲೆಯಿತ್ತು. ತೋಟದ ಕೆಲಸಕ್ಕೆಂದು ಇಸ್ರೇಲಿನಿಂದ ಬಂದ ಕೆಲವು ಕುಟುಂಬಗಳು ತಮ್ಮ ಮಕ್ಕಳಿಗಾಗಿ ಅದನ್ನು ತೆರೆದಿದ್ದವು. ಬೆಳಿಗ್ಗೆ ಅವರ ಧರ್ಮಗ್ರಂಥ, ಮಧ್ಯಾಹ್ನ ಲೆಕ್ಕ, ವಿಜ್ಞಾನ. ಅಲ್ಲಿ ಅಡಿಗೆ ಮಾಡುವವಳು ಹೊಸೂರಿನ ಜಲಜಮ್ಮ.

ಆ ಅಡಿಗೆಮನೆ ಅವಳಿಗೆ ಬೇಗ ಒಗ್ಗಿತು. ಸೊಪ್ಪನ್ನು ಎಲೆ ಎಲೆಯಾಗಿ ಬೆಳಕಿಗೆ ಹಿಡಿದು ಹುಳು ನೋಡಬೇಕು, ಹೊರಗಿನ ಪಾತ್ರೆ ಒಳಗೆ ತರಕೂಡದು. ಮಡಿಯ ಮನೆಯಲ್ಲಿ ಬೆಳೆದವಳಿಗೆ ಇದೇನು ಕಷ್ಟ? ಅವಳ ಮನೆಗೆಲಸದ ಮುನಿವೆಂಕಟಮ್ಮ ಇಷ್ಟು ವರ್ಷವಾದರೂ ತೊಳೆದ ಪಾತ್ರೆಗಳನ್ನು ಅಡಿಗೆಮನೆಯ ಹೊಸ್ತಿಲಲ್ಲೇ ಬೋರಲು ಹಾಕಿ ಹೋಗುತ್ತಿದ್ದಳು.

ಹೊಸದೆನಿಸಿದ್ದು ಪಾಠದ ಗಲಾಟೆ. ಮಕ್ಕಳು ಇಬ್ಬಿಬ್ಬರಾಗಿ ಎದುರುಬದುರು ಕೂತು, ಬಲದಿಂದ ಎಡಕ್ಕೆ ಒಂದು ಸಾಲು ಓದಿ, ಮೇಜು ಗುದ್ದಿ ವಾದಕ್ಕೆ ನಿಲ್ಲುತ್ತಿದ್ದರು. ಟೀಚರ್ ರಿವ್ಕಾ ಗದರುತ್ತಿರಲಿಲ್ಲ. ಸದ್ದು ನಿಂತರೆ ಮಾತ್ರ ಏನಾಯಿತೆಂದು ಬಂದು ನೋಡುತ್ತಿದ್ದಳು. ಜಲಜಮ್ಮನ ತವರಿನಲ್ಲಿ ಅಣ್ಣಂದಿರು ಮಂತ್ರ ಒಪ್ಪಿಸುವಾಗ 'ಹಾಗೆಂದರೇನಪ್ಪ' ಎಂದು ಕೇಳಿದ್ದಕ್ಕೆ, ಅಪ್ಪ ಕಣ್ಣಿನಲ್ಲೇ ಅವಳನ್ನು ಒಳಗೆ ಅಟ್ಟಿದ್ದರು.

ದಿನವೂ ರಿವ್ಕಾ ಮೊದಲು ಅಡಿಗೆಮನೆಗೆ ಬಂದು, ತನ್ನ ಕೈಯಾರೆ ಒಲೆ ಹಚ್ಚಿ ಪಾಠಕ್ಕೆ ಹೋಗುತ್ತಿದ್ದಳು. ತನಗೆ ತೋರುವ ಮರ್ಯಾದೆ ಎಂದೇ ಜಲಜಮ್ಮ ತಿಳಿದಿದ್ದಳು. ಒಂದು ಬೆಳಿಗ್ಗೆ ಆನೆಗಳು ರಸ್ತೆಗಿಳಿದು ರಿವ್ಕಾಳ ಕಾರು ದಾರಿಯಲ್ಲೇ ನಿಂತಿತು. ಮಕ್ಕಳು ಹಸಿದಾರೆಂದು ಜಲಜಮ್ಮ ತಾನೇ ಒಲೆ ಹಚ್ಚಿ ಅನ್ನ, ತೊವ್ವೆ, ಹುರುಳಿಕಾಯಿ ಪಲ್ಯ ಮಾಡಿಟ್ಟಳು. ತಡವಾಗಿ ಬಂದ ರಿವ್ಕಾ ವಿಷಯ ತಿಳಿದು ಮಂಕಾದಳು. ಅಂದು ಮಕ್ಕಳಿಗೆ ಬಾಳೆಹಣ್ಣು, ಮೊಸರು. ಅಡಿಗೆಯೆಲ್ಲ ಹೂ ಕೊಯ್ಯುವವರ ಪಾಲಾಯಿತು.

ಲೆಕ್ಕದ ಟೀಚರ್ ಹರ್ಷಿತಾ ಪಕ್ಕಕ್ಕೆ ಕರೆದಳು. "ಬೇಜಾರ್ ಮಾಡ್ಕೋಬೇಡಿ ಅಮ್ಮ. ಒಲೆ ಅವ್ರಲ್ಲೇ ಒಬ್ರು ಹಚ್ಬೇಕಂತೆ. ನಾವು ಹಚ್ಚಿದ್ರೆ ಅವ್ರು ತಿನ್ನಂಗಿಲ್ವಂತೆ."

"ನನ್ನ ಕೈಗೇನಾಗೈತೆ?"

ಹರ್ಷಿತಾ ಲೆಕ್ಕದ ಪುಸ್ತಕ ಎತ್ತಿಕೊಂಡು ತರಗತಿಗೆ ನಡೆದಳು.

ಸಂಜೆ ಗಂಡ ಗುಂಡಣ್ಣ ಕಿಚಾಯಿಸಿದ. "ನಿನ್ನ ಮೀರ್ಸೋ ಮಡಿಯೋರು ಸಿಕ್ಬುಟ್ರಲ್ಲೇ!" ಅವಳ ಮುಖ ನೋಡಿ ದನಿ ಇಳಿಸಿದ. "ಬಿಟ್ಬುಡು ಕಣೇ. ಈ ವಯಸ್ಸಲ್ಲಿ ಯಾಕೆ ಬೇಕು?"

"ಬಿಡಲ್ಲ. ಕೇಳ್ತೀನಿ."

"ಏನಂತ?"

"ಅಲ್ಲಿ ಚಿಳ್ಳೆಪಿಳ್ಳೆಗಳೂ ಕೇಳ್ತವೆ. ನಾನ್ಯಾಕೆ ಕೇಳ್ಬಾರ್ದು?"

ಹೊಸ್ತಿಲ ಬಳಿ ಪಾತ್ರೆ ಇಟ್ಟ ಸದ್ದಾಯಿತು. ಜಲಜಮ್ಮ ತಿರುಗಿ ನೋಡಿದಳು. ಮುನಿವೆಂಕಟಮ್ಮ ಆಗಲೇ ಹೊರಟಿದ್ದಳು.

ಮರುದಿನ ರಿವ್ಕಾ ಒಲೆ ಹಚ್ಚಲು ಬರುವ ಮೊದಲೇ ಜಲಜಮ್ಮ ಕೈ ಒರೆಸಿಕೊಂಡು, ಹರ್ಷಿತಾಳನ್ನು ಜೊತೆಗೆ ಕರೆದುಕೊಂಡು ನೇರ ತರಗತಿಯ ಬಾಗಿಲಿಗೆ ಹೋದಳು. "ಹರ್ಷಿತಾ, ಕೇಳಮ್ಮ ಅವ್ರನ್ನ. ನನ್ನ ಕೈ ಮೈಲಿಗೇನಾ?"

"ಹಂಗೇ ಕೇಳ್ಲಾ?"

"ಹಂಗೇ ಕೇಳು."

ಹರ್ಷಿತಾ ಇಂಗ್ಲಿಷಿನಲ್ಲಿ ಹೇಳಿದ್ದನ್ನು ರಿವ್ಕಾ ಕೇಳಿಸಿಕೊಂಡು, ಓದುತ್ತಿದ್ದ ಪುಸ್ತಕ ಮುಚ್ಚಿದಳು. ಜಲಜಮ್ಮನಿಗೆ ಕುರ್ಚಿ ಎಳೆದಿಟ್ಟು, ಆ ಪ್ರಶ್ನೆಯನ್ನೇ ಮಕ್ಕಳ ಮುಂದಿಟ್ಟಳು. ಅವರು ಇಬ್ಬಿಬ್ಬರಾಗಿ ತಲೆ ಕೂಡಿಸಿದರು. ಗಲಾಟೆ ಎದ್ದಿತು.

"ಆ ಹುಡುಗಿ ಹೇಳ್ತಾವ್ಳೆ," ಎಂದಳು ಹರ್ಷಿತಾ, ಮುಂದಿನ ಮೇಜಿನ ಹುಡುಗಿಯನ್ನು ತೋರಿಸಿ, "ಒಬ್ರ ಮನೇಲಿ ಒಬ್ರು ಉಂಡು, ಸ್ನೇಹ ಬೆಳ್ದು, ಮದುವೆಗಳಾಗಿ, ಕೊನೆಗೆ ತಮ್ಮೋರೇ ಇಲ್ದಂಗಾಗ್ತಾರೆ ಅಂತ ಹಿಂದಿನೋರು ಹೆದರಿದ್ರಂತೆ."

"ಅಯ್ಯೋ! ನನಗಿನ್ಯಾವನ ಜೊತೆ ಮದುವೆ!"

ಅದನ್ನು ಹರ್ಷಿತಾ ಹೇಳಿದಾಗ ಕೋಣೆಯೆಲ್ಲ ನಗು. ಅಷ್ಟರಲ್ಲಿ ತಾಮಾರ್ ಎಂಬ ಜಡೆಯ ಹುಡುಗಿ ಎದ್ದು, ಭಯ ಹೋದ ಮೇಲೂ ಕಟ್ಟಳೆ ಯಾಕಿರಬೇಕೆಂದು ಕೇಳಿದಳು. ರಿವ್ಕಾ ಜಲಜಮ್ಮನನ್ನೇ ನೋಡುತ್ತ ನಿಧಾನವಾಗಿ ಮಾತಾಡಿದಳು, ಹರ್ಷಿತಾ ಅದನ್ನು ಕನ್ನಡದಲ್ಲಿ ಹೇಳಿದಳು.

"ಮೈಲಿಗೆ ಅಲ್ಲ ಅಂತವ್ರೆ. ಊರೂರು ಅಲೆದ್ರೂ ಇಂಥವನ್ನ ಹಿಡ್ಕೊಂಡೇ ನಾವು ನಾವಾಗಿ ಉಳಿದ್ವಿ, ಬಿಡೋಕಾಗಲ್ಲ ಅಂತವ್ರೆ. ಆದ್ರೆ ಮೊದಲ್ನೇ ದಿನವೇ ನಿಮಗೆ ಹೇಳ್ಬೇಕಿತ್ತು, ತಪ್ಪು ನಂದು ಅಂತವ್ರೆ."

ಉತ್ತರ ಜಲಜಮ್ಮನಿಗೆ ಪೂರ್ತಿ ಹಿಡಿಸಲಿಲ್ಲ. ತಾಮಾರಳಿಗೂ ಹಿಡಿಸಿದಂತಿರಲಿಲ್ಲ, ಅವಳು ಇನ್ನೂ ವಾದಿಸುತ್ತಲೇ ಇದ್ದಳು. ಆದರೆ ತನ್ನದೊಂದು ಪ್ರಶ್ನೆಗಾಗಿ ಇಷ್ಟು ಜನ ಗಂಟಲು ಹರಿದುಕೊಂಡದ್ದನ್ನು ಜಲಜಮ್ಮ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅವಳು ಎದ್ದು ಸೆರಗು ಸಿಕ್ಕಿಸಿಕೊಂಡಳು.

"ಸರಿ, ಒಲೆ ಹಚ್ಚಿಕೊಡಿ ಅನ್ನು. ಬೇಳೆ ತೊಳೆದಿಟ್ಟಿದೀನಿ."

ಸಂಜೆಯ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಾಗ ಒಂದೇ ಯೋಚನೆ. ಮುನಿವೆಂಕಟಮ್ಮ ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ತಾನೇನು ಹೇಳುತ್ತಿದ್ದೆ?

ಮನೆಯಲ್ಲಿ ಮುನಿವೆಂಕಟಮ್ಮ ಹೊಸ್ತಿಲಲ್ಲಿ ಪಾತ್ರೆ ಬೋರಲು ಹಾಕುತ್ತಿದ್ದಳು.

"ಒಳಗೆ ಬಾ. ಒಲೆ ಹಚ್ಚಿ ಕಾಫಿಗಿಡು."

"ಅಮ್ಮೋ! ನಾನಾ? ಜ್ವರ ಗಿರ ಬಂದೈತಾ ನಿಮ್ಗೆ?"

"ಜ್ವರಾನೂ ಇಲ್ಲ ಏನೂ ಇಲ್ಲ. ಬಾ."

ಗುಂಡಣ್ಣ ಪೇಪರ್ ಕೆಳಗಿಳಿಸಿದ. ಮುನಿವೆಂಕಟಮ್ಮ ಕಾಲು ಒರೆಸಿಕೊಂಡಳು, ಆದರೂ ಒಳಗಿಡಲಿಲ್ಲ. "ಯಾಕಮ್ಮ ಇವತ್ತು?"

"ಇಷ್ಟು ವರ್ಷ ಯಾಕೆ ಬೇಡ ಅಂದೆ ಅಂತ ಕೇಳು. ಅದಕ್ಕೇ ನನ್ನ ಹತ್ರ ಉತ್ತರ ಇಲ್ಲ."

ಮುನಿವೆಂಕಟಮ್ಮ ಒಳಗೆ ಬಂದು ಲೈಟರ್ ಎತ್ತಿಕೊಂಡಳು. ಜಲಜಮ್ಮನ ಕೈ ತಾನಾಗಿಯೇ ಮುಂದೆ ಚಾಚಿಕೊಂಡಿತು. ಅವಳು ಆ ಕೈಯನ್ನು ಸೆರಗಿನೊಳಗೆ ಬಿಗಿಯಾಗಿ ಹಿಡಿದುಕೊಂಡಳು. ಒಲೆ ಮೊದಲ ಸಲ ಹತ್ತಲಿಲ್ಲ. ಆಮೇಲೆ ನೀಲಿ ಬೆಂಕಿ ಭಗ್ಗನೆ ಎದ್ದಿತು.

"ಹಾಲು ನೀವಿಡ್ತೀರಾ?"

"ನೀನೇ ಇಡು."