ಅತ್ತಿಗೆ, ಮೈದುನ ಮತ್ತು ಬ್ಯಾಟರಿ ಗರಗಸ

ಗಂಡ ತೀರಿಕೊಂಡ ಮೇಲೆ ಬಡಗಿ ಅಂಗಡಿಯನ್ನು ಅವಳು ಮುಚ್ಚಿಬಿಡುತ್ತಾಳೆಂದೇ ಎಲ್ಲರೂ ಅಂದುಕೊಂಡಿದ್ದರು. ಅವಳು ಮುಚ್ಚಲಿಲ್ಲ. ಮದುವೆಗೆ ಮೊದಲೇ ಅಪ್ಪನ ಕೈಕೆಳಗೆ ಕಲಿತವಳು. ಬಾಗಿಲು, ಕಪಾಟು, ಕಿಟಕಿ ಚೌಕಟ್ಟು, ಏನು ಹೇಳಿದರೂ ಅಚ್ಚುಕಟ್ಟಾಗಿ ಮಾಡಿಕೊಡುತ್ತಿದ್ದಳು. ಬಾಯಿ ಮಾತ್ರ ಬಿರುಸು. ಬೀದಿಯವರು ಉಳಿಯಕ್ಕ ಎಂದು ಕರೆಯುತ್ತಿದ್ದುದು ಅವಳ ಕೈಯಲ್ಲಿನ ಉಳಿಯನ್ನು ನೋಡಿಯೋ, ನಾಲಗೆಯನ್ನು ಕೇಳಿಯೋ ಹೇಳುವುದು ಕಷ್ಟ.

ಅಂಗಡಿಯಲ್ಲಿ ಜೊತೆಗೆ ದುಡಿಯುತ್ತಿದ್ದವನು ಮೈದುನ. ಅಣ್ಣನ ಜಾಗದಲ್ಲಿ ಅತ್ತಿಗೆ ನಿಂತದ್ದು ಅವನ ಕಣ್ಣಿಗೆ ಚುಚ್ಚುತ್ತಿತ್ತು. ಅವಳಿಗೂ ಅವನೆಂದರೆ ಅಷ್ಟಕ್ಕಷ್ಟೆ. ಇಬ್ಬರ ಮಧ್ಯೆ ಕೆಲಸಕ್ಕೆ ಬೇಕಾದಷ್ಟೇ ಮಾತು.

ಒಳಗೇ ಹೊಗೆಯಾಡುತ್ತಿದ್ದ ಈ ಮುನಿಸಿಗೆ ಬೆಂಕಿ ಹತ್ತಿದ್ದು ಅವಳು ತಂದ ಬ್ಯಾಟರಿ ಗರಗಸದಿಂದ. ವೈರೇ ಇಲ್ಲದ ಆ ಯಂತ್ರ ಮೈದುನನ ಲೆಕ್ಕಕ್ಕೆ ಆಟದ ಸಾಮಾನು. ಬ್ಯಾಟರಿ ತೆಗೆಯದೆಯೇ ಬ್ಲೇಡು ಬದಲಿಸುತ್ತಿದ್ದ. ಕನ್ನಡಕ ಹಾಕಿಕೋ ಎಂದರೆ ಹಣೆಗೇರಿಸಿಕೊಳ್ಳುತ್ತಿದ್ದ. ಒಂದು ಬೆಳಿಗ್ಗೆ ಅವಳು ಗರಗಸ ಎತ್ತಿ ನೋಡಿದರೆ, ಕೊಯ್ದು ಮುಗಿದೊಡನೆ ತಾನಾಗಿ ಇಳಿದು ಬ್ಲೇಡನ್ನು ಮುಚ್ಚಬೇಕಾದ ಗಾರ್ಡ್ ಮೇಲೆಯೇ ನಿಂತಿತ್ತು. ಸಂದಿಯಲ್ಲಿ ಮರದ ಚಕ್ಕೆ ತುರುಕಿದ್ದ. ಅವಳು ಮೊದಲು ಬ್ಯಾಟರಿ ಕಿತ್ತಳು, ಆಮೇಲೆ ಚಕ್ಕೆ ಕಿತ್ತು ಅವನ ಕಾಲ ಬಳಿ ಎಸೆದಳು.

“ಇದನ್ನ ತುರುಕಿದ್ದು ಯಾಕೆ?”

“ಗಾರ್ಡ್ ಅಡ್ಡ ಬರುತ್ತೆ. ಅಣ್ಣ ಇದ್ದಾಗ ಇಷ್ಟೆಲ್ಲ ಪುಕ್ಕಲುತನ ಇರಲಿಲ್ಲ.”

“ನಿಮ್ಮಣ್ಣ ಇದ್ದಾಗ ಈ ಮಷಿನೂ ಇರಲಿಲ್ಲ.”

ಅಲ್ಲಿಯವರೆಗೆ ‘ನೀವು’ ಎನ್ನುತ್ತಿದ್ದವನು ಅವತ್ತು, “ನಿನ್ನ ಪಾಠ ನಿನ್ನ ಹತ್ರಾನೇ ಇಟ್ಕೋ,” ಎಂದ.

ಅಂದಿನಿಂದ ಬ್ಯಾಟರಿ ಅವಳ ಕೈಚೀಲದಲ್ಲೇ ಓಡಾಡತೊಡಗಿತು. ಬೆಳೆದ ಗಂಡಸನ್ನು ತೊಟ್ಟಿಲ ಮಗುವಿನಂತೆ ನೋಡುತ್ತಾಳಲ್ಲ ಎಂದು ಅತ್ತೆ ಊಟದ ಹೊತ್ತಿಗೆ ಚುಚ್ಚಿದರು. ಮೈದುನ ಗುರುತಿನವರೊಬ್ಬರಿಂದ ಅಂಥದೇ ಬ್ಯಾಟರಿ ತಂದಿಟ್ಟುಕೊಂಡ.

ಒಂದು ಮಧ್ಯಾಹ್ನ ಅವಳು ಮರ ನೋಡಲು ಹೋಗಿ ಬಂದಾಗ ಅಂಗಡಿಯೊಳಗೆ ಗರಗಸ ಗುರುಗುಟ್ಟುತ್ತಿತ್ತು. ಮೈದುನ ಎರಡು ಸ್ಟೂಲುಗಳ ಮೇಲೆ ಹಲಗೆ ಅಡ್ಡಹಾಕಿ ನಟ್ಟನಡುವೆ ಕೊಯ್ಯುತ್ತಿದ್ದ. ಗಾರ್ಡ್ ಮತ್ತೆ ಮೇಲೆ. ನಿಂತದ್ದು ಗರಗಸದ ನೇರ ಹಿಂದೆಯೇ. ಕೊಯ್ದಂತೆಲ್ಲ ಹಲಗೆ ಕುಸಿದು ಬ್ಲೇಡನ್ನು ಕಚ್ಚುತ್ತದೆ, ಕಚ್ಚಿದರೆ ಯಂತ್ರ ಹಿಂದಕ್ಕೆ ನೆಗೆಯುತ್ತದೆ. ಅವಳಿಗೆ ಅದು ಗೊತ್ತಿತ್ತು. ಬಾಗಿಲಲ್ಲೇ ನಿಂತು ಕೂಗಲು ಬಾಯಿ ತೆರೆದಳು. ಈಗ ಕೂಗಿದರೆ ಬೆಚ್ಚಿ ತಿರುಗುತ್ತಾನೆ, ಕೈ ಜಾರುತ್ತದೆ ಎನ್ನಿಸಿತು. ಅದು ನಿಜವೇ. ಆದರೆ ಆಗಲಿ, ಒಂದು ಸಲ ಗೊತ್ತಾಗಲಿ ಎಂಬ ವಿಷವೂ ಅದರ ಜೊತೆಗೇ ಒಳಗೆ ಹೆಡೆಯೆತ್ತಿತ್ತು.

ಹಲಗೆ ಕುಸಿಯಿತು. ಗರಗಸ ಹಾರಿ ಅವನ ತೊಡೆಗೆ ಬಿತ್ತು.

ಅವಳು ಓಡಿಹೋಗಿ ಸೆರಗನ್ನೇ ಮುದ್ದೆಮಾಡಿ ಗಾಯಕ್ಕೆ ಒತ್ತಿದಳು. ಪಕ್ಕದಂಗಡಿಯವನ ವ್ಯಾನಿನಲ್ಲಿ ಆಸ್ಪತ್ರೆ ಮುಟ್ಟುವವರೆಗೂ ಕೈ ಸಡಿಲಿಸಲಿಲ್ಲ. ಅವನು ದಾರಿಯುದ್ದಕ್ಕೂ ಮುಖ ಆಚೆ ತಿರುಗಿಸಿಕೊಂಡಿದ್ದ. ಇನ್ನೊಂದಿಷ್ಟು ಆಳಕ್ಕೆ ಹೋಗಿದ್ದರೆ ಜೀವ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಅತ್ತೆ ವಾರ್ಡಿನಲ್ಲೇ ಕೇಳಿದರು: “ಬಾಗಿಲಲ್ಲಿ ನೋಡ್ತಾ ನಿಂತಿದ್ದೆಯಂತೆ? ಪಕ್ಕದಂಗಡಿಯವನು ಹೇಳಿದ.”

“ಕೂಗಿದ್ರೆ ಬೆಚ್ಚಿಬೀಳ್ತಿದ್ದ.”

“ಕೂಗೋಕೆ ಮನಸ್ಸಿತ್ತಾ?”

ಅವಳು ರಕ್ತ ಹತ್ತಿದ ಸೆರಗನ್ನು ಒಳಗೆ ಮಡಿಸಿ ಸಿಕ್ಕಿಸಿಕೊಂಡಳು.

ಗಾಯ ಮಾಯ್ದ ಮೇಲೆ ಮೈದುನ ಕಾಲೆಳೆದುಕೊಂಡು ಬಂದದ್ದು ತನ್ನ ಪಾಲು ಒಯ್ಯಲು. ಉಳಿ, ಕೀಸುಳಿ, ಅಣ್ಣನ ಸುತ್ತಿಗೆ ಎಲ್ಲ ಚೀಲಕ್ಕೆ ತುಂಬಿದ. ಅವಳು ತಡೆಯಲಿಲ್ಲ. ಕೊನೆಗೆ ಗರಗಸಕ್ಕೆ ಕೈ ಹಾಕಿದ.

“ಅದು ಇಲ್ಲೇ ಇರುತ್ತೆ.”

“ನಾನೇನು ಅದನ್ನ ತಿಂದುಹಾಕ್ತೀನಾ?”

“ಅದು ನಿನ್ನ ತಿನ್ನುತ್ತೆ. ಇಡು ಕೆಳಗೆ.”

ಅವನು ಅದನ್ನು ಮೇಜಿನ ಮೇಲೆ ಕುಕ್ಕಿದ. ಮೆಟ್ಟಿಲಿಳಿಯುವಾಗ ಕಾಲು ಕೈಕೊಟ್ಟು ವಾಲಿದ. ಅವಳು ತೋಳು ಹಿಡಿಯಲು ಹೋದರೆ ಕೊಡವಿಕೊಂಡ. ಈಗ ಅವನು ಬೀದಿಯ ಆ ತುದಿಯ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಎದುರು ಬಂದರೆ ಆಚೆ ಬದಿಗೆ ದಾಟುತ್ತಾನೆ. ಅವಳೂ ಕರೆಯುವುದಿಲ್ಲ.