ಸೀಸದ ಬೂದಿಯಲ್ಲಿ ಹೊರಳಾಡಿದ ಕೋಳಿಗಳು

ಹಳೇ ಬ್ಯಾಟರಿಗೆ ಜೀವ ಕೊಡುವುದರಲ್ಲಿ ಬ್ಯಾಟರಿ ಮಾವನನ್ನು ಮೀರಿಸುವವರು ಆ ಬೀದಿಯಲ್ಲಿ ಹುಟ್ಟಿರಲಿಲ್ಲ; ಹುಟ್ಟಿದ್ದರೂ ಅವನು ಒಪ್ಪುತ್ತಿರಲಿಲ್ಲ. ಜೀವ ಬಾರದ ಬ್ಯಾಟರಿಗಳ ಹೊಟ್ಟೆ ಬಗೆದು, ಒಳಗಿನ ಸೀಸವನ್ನು ಅಂಗಡಿಯ ಹಿಂದಿನ ಒಲೆಯಲ್ಲಿ ಕರಗಿಸಿ ಗಟ್ಟಿ ಹೊಯ್ಯುವುದು ಅವನ ನಲವತ್ತು ವರ್ಷದ ಕಸುಬು. ಕರಗಿದ ಸೀಸದ ಮೇಲೆ ಕಟ್ಟುವ ಬೂದಿಯನ್ನೂ ಬಿಸಾಡುವ ಆಸಾಮಿಯಲ್ಲ. ಡಬ್ಬಕ್ಕೆ ತುಂಬಿ ತಂದು ಮನೆಯ ಹಿತ್ತಲಿನ ಗುಂಡಿಗೆ ಸುರಿಯುತ್ತಿದ್ದ. ಹೆಂಡತಿಯ ಏಳು ಕೋಳಿಗಳು ಅದರಲ್ಲಿ ಹೊರಳಾಡಿ ರೆಕ್ಕೆ ಕೊಡವುತ್ತಿದ್ದವು. "ನಮ್ಮ ಕೋಳಿಗೆ ಒಂದು ಹೇನು ತೋರಿಸಿ ನೋಡೋಣ!" ಎಂದು ಮೀಸೆ ತಿರುವುತ್ತಿದ್ದ.

ಸೊಸೆ ಐದು ತಿಂಗಳ ಬಸುರಿ. ದಿನಕ್ಕೆರಡು ಮೊಟ್ಟೆ ಅವಳಿಗೇ ಮೀಸಲು. ಒಂದು ದಿನ ಆಸ್ಪತ್ರೆಯಿಂದ ಬಂದವಳ ಕಣ್ಣಲ್ಲಿ ನೀರು.

"ರಕ್ತದಲ್ಲಿ ಸೀಸ ಸೇರಿದೆಯಂತೆ ಮಾವ. ಹೀಗೇ ಬಿಟ್ರೆ ಮಗೂನ ಮಿದುಳಿಗೆ ಕುತ್ತಂತೆ. ಎಲ್ಲಿಂದ ಬಂತು ಅಂತ ಹುಡುಕಬೇಕಂತೆ."

"ಅಳಬೇಡ ಕಣಮ್ಮ. ಸೀಸದ ಜಾತಕ ನನಗಿಂತ ಚೆನ್ನಾಗಿ ಯಾರು ಬಲ್ಲರು?" ಎಂದು ಮಾವ ಟೊಂಕ ಕಟ್ಟಿದ.

ಮೊದಲು ಕಿಟಕಿಯ ಹಳೇ ಬಣ್ಣದ ಮೇಲೆ ಅನುಮಾನ. ಆಮೇಲೆ ನಲ್ಲಿಯ ಕೊಳವೆ. ಕೊನೆಗೆ ಎದುರಿನ ಕಾರ್ಖಾನೆಯ ಚಿಮಣಿ. ಗೇಟಿನಲ್ಲಿದ್ದ ಕಾವಲುಗಾರನ ಮೇಲೆ ಹರಿಹಾಯ್ದ.

"ನಿಮ್ಮ ಹೊಗೆ ನನ್ನ ಸೊಸೆ ರಕ್ತಕ್ಕೆ ಸೀಸ ಸೇರಿಸ್ತಿದೆ!"

"ಇದು ಬಿಸ್ಕತ್ತಿನ ಕಾರ್ಖಾನೆ ಮಾವ! ಸೇರೋದಾದ್ರೆ ಸಕ್ಕರೆ ಸೇರಬೇಕು!"

ಕಡೆಗೆ ಆಸ್ಪತ್ರೆಯ ನರ್ಸಮ್ಮನೇ ಮನೆಗೆ ಬಂದು ಬಣ್ಣ, ನೀರು, ಅಡುಗೆಮನೆಯ ಸಾಮಾನು ಎಲ್ಲವನ್ನೂ ಪರೀಕ್ಷೆಗೆಂದು ಚೂರುಚೂರು ಒಯ್ದಳು. ವಾರದ ಮೇಲೆ ಮತ್ತೆ ಬಂದಳು.

"ಬಣ್ಣ, ನೀರು ಸರಿಯಾಗಿವೆ. ಸೀಸ ಇರೋದು ಮೊಟ್ಟೆಯಲ್ಲಿ. ಕೋಳಿಗಳು ಎಲ್ಲಿ ಕೆದಕ್ತಾವೆ?"

ಮಾವ ಹೆಮ್ಮೆಯಿಂದಲೇ ಹಿತ್ತಲಿಗೆ ಕರೆದೊಯ್ದ. "ಇಲ್ಲೇ ತಾಯಿ. ಹೇನಿಗೆ ನಾನೇ ಕಂಡುಹಿಡಿದ ಔಷಧಿ. ಅಪ್ಪಟ ಸೀಸದ ಬೂ..."

ಗುಂಡಿಯಲ್ಲಿ ಕೋಳಿಯೊಂದು ರೆಕ್ಕೆ ಕೊಡವಿತು.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರಲ್ರೀ!" ಎಂದಳು ಹೆಂಡತಿ.

"ಆದ್ರೂ... ಹೇನು ಸತ್ತಿದ್ದು ಸುಳ್ಳಾ?"

"ಹೇನು ಸಾಯ್ಲಿ ಅಂತ ಮೊಮ್ಮಗೂನ ಒತ್ತೆ ಇಡ್ತೀರಾ?"

ಮಾವ ಕೋಳಿಗಳನ್ನು ಗುಂಡಿಯಿಂದ ಆಚೆ ಅಟ್ಟಿದ. ಮರುದಿನವೇ ಅಂಗಡಿಯ ಒಲೆ ಆರಿತು. ಸತ್ತ ಬ್ಯಾಟರಿಗಳನ್ನು ಹೊಟ್ಟೆ ಬಗೆಯದೆ, ಪರವಾನಗಿ ಇದ್ದ ಕಾರ್ಖಾನೆಗೆ ಇಡಿಯಾಗಿ ಕಳಿಸತೊಡಗಿದ. ನರ್ಸಮ್ಮ ಹೇಳಿಕಳಿಸಿದ ಜನ ಬಂದು ಗುಂಡಿಯ ಮಣ್ಣನ್ನು ಪೀಪಾಯಿಗಳಲ್ಲಿ ತುಂಬಿ ಒಯ್ದರು, ಕೋಳಿಗಳನ್ನೂ ಅವರೇ ಒಯ್ದರು. ಮಾವ ಇನ್ನು ಮೈ ತೊಳೆದು, ಬಟ್ಟೆ ಬದಲಿಸಿ, ಚಪ್ಪಲಿಯನ್ನೂ ಅಂಗಡಿಯಲ್ಲೇ ಬಿಟ್ಟು ಬರಬೇಕೆಂದು ಹೆಂಡತಿಯ ಅಪ್ಪಣೆಯಾಯಿತು.

ಎರಡು ತಿಂಗಳ ಮೇಲೆ ಸೊಸೆಯ ರಕ್ತದಲ್ಲಿ ಸೀಸ ಅರ್ಧಕ್ಕಿಳಿದಿತ್ತು. "ಇನ್ನೂ ಇಳಿಯುತ್ತೆ, ಮಗು ಚೆನ್ನಾಗಿ ಬೆಳೀತಿದೆ," ಎಂದಳು ನರ್ಸಮ್ಮ. ಮಾವ ಮೂಗು ಒರೆಸಿಕೊಂಡು, ರಕ್ತ ಪರೀಕ್ಷೆಗೆ ತನ್ನ ತೋಳನ್ನೂ ಮುಂದೆ ಚಾಚಿದ.

ಅವನ ಲೆಕ್ಕ ಬಂದಾಗ ಸೀಸ ಸೊಸೆಯದರ ಮೂರು ಪಟ್ಟು ಇತ್ತು.

"ಬೀದಿಗೆಲ್ಲ ನಂದೇ ಜಾಸ್ತಿ ಇರ್ಬೇಕು, ಅಲ್ವಾ?" ಎಂದು ಮೀಸೆಗೆ ಕೈ ಹಾಕಿದವನು ಹೆಂಡತಿಯ ಮುಖ ನೋಡಿ ಮೆಲ್ಲಗೆ ಕೈ ಇಳಿಸಿದ.