ಕ್ಲೆಮ್ ಬಿಟ್ಟುಕೊಟ್ಟ ಜಾಗ

ಎಲ್ಲಿಗೆ ಹೋಗಿದ್ದೆ ಎಂದು ಕ್ಲೆಮ್ ಟ್ರೆಗಿಯರ್‌ನನ್ನು ಕೇಳಿದರೆ ಅವನು ಒಂದು ದಿಕ್ಕಿಗೆ ಬೆರಳು ತೋರಿಸುತ್ತಾನೆ. ಆ ಬೆರಳಿಗೆ ಬೆನ್ನು ತಿರುಗಿಸಿ ಹೋದರೆ ಅವನಿದ್ದ ಜಾಗ ಸಿಗುತ್ತದೆ ಎಂದು ನಮ್ಮೂರಿನವರು ನಗುತ್ತಾರೆ. ನಾನು ನಗುವುದಿಲ್ಲ. ನನ್ನ ಗಂಡ ಡೆಸ್ ಆ ಬೆರಳನ್ನು ನಂಬಿ ಹೋದವನು.

ನಮ್ಮೂರ ಹತ್ತಿರ ಮರ್ರೆ ನದಿ ನೆಟ್ಟಗೆ ಹರಿಯುವುದೇ ಇಲ್ಲ. ತಿರುವಿನ ಮೇಲೆ ತಿರುವು, ಕೆಲವು ತಿರುವುಗಳ ಒಳಮಗ್ಗುಲಲ್ಲಿ ಬಿಳಿ ಮರಳು, ಸುತ್ತ ಭಾರಿ ನೀಲಗಿರಿ ಮರಗಳ ಕಾಡು. ಕಾಡು ಸರ್ಕಾರದ್ದು. ಯಾರು ಬೇಕಾದರೂ ಡೇರೆ ಹೊಡೆಯಬಹುದು, ಬಾಡಿಗೆಯಿಲ್ಲ, ಅಪ್ಪಣೆ ಬೇಕಿಲ್ಲ. ಹಾಗಾಗಿಯೇ ಒಳ್ಳೆಯ ಜಾಗದ ಮಾತು ಬಂದರೆ ಇಲ್ಲಿನವರು ಬಾಯಿಗೆ ಹೊಲಿಗೆ ಹಾಕಿಕೊಳ್ಳುತ್ತಾರೆ. ಮಗಳು ಗಂಡನನ್ನು ಬಿಟ್ಟು ಬಂದದ್ದನ್ನು ಬೇಕರಿಯ ಸಾಲಿನಲ್ಲಿ ನಿಂತು ಹೇಳಿಕೊಂಡಾರು, ತಮ್ಮ ಮರಳು ದಿಬ್ಬ ಯಾವ ತಿರುವಿನಲ್ಲಿದೆ ಎಂದು ಮಾತ್ರ ಹೇಳುವುದಿಲ್ಲ.

ಅಂಥವರಲ್ಲೆಲ್ಲ ಕ್ಲೆಮ್ ಒಂದು ಕೈ ಮೇಲು, ಶುದ್ಧ ಗುಮ್ಮನಗುಸುಕ. ಸಾಮಿಲ್ಲು ನಡೆಯುತ್ತಿದ್ದ ಕಾಲದಲ್ಲಿ ಅವನ ಕೆಲಸ ಕಾಡಿನಿಂದ ದಿಮ್ಮಿ ಎಳೆದು ತರುವುದು. ಮಿಲ್ಲು ಮುಚ್ಚಿತು, ದಿಮ್ಮಿಯ ದಾರಿಗಳಲ್ಲಿ ಹುಲ್ಲು ಬೆಳೆಯಿತು, ನಕ್ಷೆಗಳೂ ಅವುಗಳನ್ನು ಮರೆತವು. ಕ್ಲೆಮ್ ಮರೆಯಲಿಲ್ಲ. ಅಂಥ ಒಂದು ದಾರಿಯ ಕೊನೆಗೆ ಅವನದೊಂದು ತಿರುವು ಇತ್ತು. ಹಿಂದೆ ಯಾವುದಾದರೂ ಗಾಡಿ ಬರುತ್ತಿದ್ದರೆ ಅವನು ದಾರಿ ಬಿಟ್ಟು ಮುಂದಕ್ಕೆ ಹೋಗಿ, ಗಾಡಿ ಮರೆಯಾದ ಮೇಲೆ ವಾಪಸು ಬರುತ್ತಿದ್ದ. ಒಳಗೆ ತಿರುಗಿದ ಮೇಲೆ ಇಳಿದು ಬಂದು ಸೊಪ್ಪಿನಿಂದ ಚಕ್ರದ ಗುರುತು ಗುಡಿಸಿ, ದಾರಿಯ ಬಾಯಿಗೆ ಒಣಕೊಂಬೆ ಅಡ್ಡ ಎಳೆಯುತ್ತಿದ್ದ. ಅವನ ಹೆಂಡತಿ ಲೋರ್ನಾ ಅಕ್ಕನ ಮನೆಗೆಂದು ಹೋದವಳು ಮರಳಿ ಬರಲಿಲ್ಲ. ಕೇಳಿದರೆ, "ಮುಂದಿನ ರಸ್ತೆಗಿಂತ ಹಿಂದಿನ ಕನ್ನಡೀನೇ ಜಾಸ್ತಿ ನೋಡೋ ಗಂಡಸಿನ ಪಕ್ಕ ಎಷ್ಟು ವರ್ಷ ಅಂತ ಕೂತಿರ್ಲಿ ಹೇಳು" ಎಂದಳು.

ಕ್ಲೆಮ್ ತಂದು ಹಾಕಿದ ದಿಮ್ಮಿಯನ್ನು ಮಿಲ್ಲಿನಲ್ಲಿ ಗರಗಸಕ್ಕೆ ಕೊಡುತ್ತಿದ್ದವನು ಡೆಸ್. ಕ್ಲೆಮ್‌ಗೆ ಉಳಿದ ಒಬ್ಬನೇ ಗೆಳೆಯನೆಂದರೆ ನನ್ನ ಗಂಡ. ಆದರೂ ಒಂದು ದಿನವೂ ಅವನನ್ನು ತನ್ನ ತಿರುವಿಗೆ ಕರೆದುಕೊಂಡು ಹೋದವನಲ್ಲ. ಡೆಸ್ ಕೇಳಿದವನೂ ಅಲ್ಲ. ನಾವು ಸೇತುವೆಯ ಹತ್ತಿರದ ದಿಬ್ಬಕ್ಕೆ ಹೋಗುತ್ತಿದ್ದೆವು. ಅಲ್ಲಿ ಜನರೇಟರ್ ಗುರುಗುಟ್ಟುತ್ತದೆ, ಯಾರದೋ ಮಕ್ಕಳ ಚೆಂಡು ನಮ್ಮ ಬಾಣಲೆಗೆ ಬೀಳುತ್ತದೆ. ಡೆಸ್ ಮಡಿಸುವ ಕುರ್ಚಿಯಲ್ಲಿ ಕುಳಿತು ನದಿಯ ಆ ಕೊನೆಯನ್ನೇ ನೋಡುತ್ತಿರುತ್ತಿದ್ದ. "ಸದ್ದಿಲ್ಲದ ಒಂದು ಜಾಗ ಇದ್ದಿದ್ರೆ ಚೆನ್ನಾಗಿರ್ತಿತ್ತು" ಎನ್ನುತ್ತಿದ್ದ, ಅಷ್ಟೇ.

ಆ ವಸಂತದಲ್ಲಿ, ಎಂದರೆ ನಮ್ಮ ಕಡೆಯ ಸೆಪ್ಟೆಂಬರಿನಲ್ಲಿ, ಕ್ಲೆಮ್ ತನ್ನ ತಿರುವಿಗೆ ಹೋದಾಗ ಮರಳಿನ ಮೇಲೆ ಆರಿದ ಬೂದಿ ಇತ್ತು. ಪಕ್ಕದಲ್ಲಿ ಯಾರೋ ಮಲಗಿದ್ದ ಗುರುತು. ಅವತ್ತಿನಿಂದ ಅವನ ನೆಮ್ಮದಿ ಹಾರಿಹೋಯಿತು. ದಾರಿಗೆ ಅಡ್ಡವಾಗಿ ಎರಡು ಮರಗಳ ನಡುವೆ ಕಪ್ಪು ದಾರ ಕಟ್ಟಿ ಬಂದ. ಮುಂದಿನ ಸಲ ನೋಡಿದರೆ ದಾರ ಹಾಗೇ ಇದೆ, ಬೂದಿ ಮಾತ್ರ ಹೊಸದು. ದಾರ ದಾಟಿ ಹೋಗಿ ಅದೇ ದಾರವನ್ನು ಅದೇ ಗಂಟು ಹಾಕಿ ಕಟ್ಟಬಲ್ಲವನು ತನ್ನನ್ನು ಚೆನ್ನಾಗಿ ಬಲ್ಲವನೇ ಇರಬೇಕು ಎಂದು ಅವನು ತೀರ್ಮಾನಿಸಿದ.

ಆಮೇಲೆ ನಮ್ಮ ಮನೆಗೆ ಬರುವುದು ಹೆಚ್ಚಾಯಿತು. ಚಹಾ ಕುಡಿಯುವುದು, ಬಿಸ್ಕತ್ತು ಮುರಿಯುವುದು, ಕಣ್ಣು ಮಾತ್ರ ಬಾಗಿಲ ಬಳಿಯ ಡೆಸ್‌ನ ಬೂಟಿನ ಮೇಲೆ.

"ಏನೋ ಅದು, ಬೂಟಲ್ಲಿ ಏನು ಹುಡುಕ್ತಿದೀಯ?" ಎಂದೆ.

"ಮರಳು ಅಂಟಿದೆ."

"ಮೊಮ್ಮಗಳಿಗೆ ಆಟ ಆಡೋಕೆ ಅಂತ ಹಿತ್ತಲಲ್ಲಿ ಮರಳು ಹಾಕ್ಸಿದೀವಿ ಕಣೋ. ಬೇಕಾದ್ರೆ ಒಂದು ಚೀಲ ತುಂಬಿಸ್ಕೊಂಡು ಹೋಗು."

ಅವನು ನಗಲಿಲ್ಲ. ಕಸಾಯಿ ಅಂಗಡಿಯ ನೆವಿಲ್‌ನ ಕೈಯಲ್ಲೂ, ಹೋಟೆಲಿನ ಶೋನಾಳ ಕೈಯಲ್ಲೂ ಹೀಗೇ ಉಗಿಸಿಕೊಂಡಿದ್ದನಂತೆ.

ನವೆಂಬರಿನಲ್ಲಿ ಒಂದು ಸಂಜೆ ಡೆಸ್‌ನನ್ನು ನಮ್ಮ ಶೆಡ್ಡಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡ. ಹೊರಗೆ ಬಂದಾಗ ಡೆಸ್‌ನ ಮುಖ ನೋಡಬೇಕಿತ್ತು. ನಮ್ಮ ಮೊದಲ ಮಗು ಹುಟ್ಟಿದ ದಿನ ಆ ಮುಖ ಕಂಡಿದ್ದೆ.

"ಏನಂತೆ?" ಎಂದೆ.

"ಏನಿಲ್ಲ."

"ಏನಿಲ್ಲ ಅನ್ನೋದಕ್ಕೆ ಬಾಗಿಲು ಹಾಕ್ಕೊಂಡ್ರಾ?"

"ಮಾತು ಕೊಟ್ಟಿದೀನಿ ಗ್ಲೆನಿಸ್. ಕೇಳ್ಬೇಡ."

ಮೀನಿನ ಹಂಗಾಮು ಶುರುವಾಗುವ ವಾರ ಹೊಸ ಅಂಗಿ ಹಾಕಿಕೊಂಡು, ಕೂದಲು ಕತ್ತರಿಸಿಕೊಂಡು, ಒಬ್ಬನೇ ಹೋಗಿಬರುತ್ತೇನೆ ಎಂದ. ಎಲ್ಲಿಗೆ ಎಂದರೆ ಬಾಯಿಲ್ಲ. ನನಗೆ ಮೈ ಉರಿಯಿತು. ಸುಳ್ಳೇಕೆ, ಶೋನಾಳ ಹೋಟೆಲಿನ ಮುಂದೆ ಎರಡು ಸಲ ಕಾರು ನಿಧಾನ ಮಾಡಿ ಅವನ ಪಿಕಪ್ ಇದೆಯೇ ಎಂದು ನೋಡಿ ಬಂದೆ. ಇರಲಿಲ್ಲ. ಎದೆಯ ಮಾತ್ರೆಯನ್ನು ಭಾನುವಾರದವರೆಗೆ ಮಾತ್ರ ಕಟ್ಟಿಕೊಟ್ಟಿದ್ದೆ, ಭಾನುವಾರ ಬರುತ್ತೇನೆ ಎಂದಿದ್ದ.

ಶನಿವಾರ ಗುಡುಗಿ ಮಳೆ ಸುರಿಯಿತು. ಭಾನುವಾರ ಡೆಸ್ ಬರಲಿಲ್ಲ, ಕಾಡಿನೊಳಗೆ ಫೋನೂ ಸಿಗುವುದಿಲ್ಲ. ಸೋಮವಾರ ಪೊಲೀಸಿನವನು ಕಾಡಿನ ರಸ್ತೆಗಳನ್ನೆಲ್ಲ ಸುತ್ತಿ ಬಂದು, "ಯಾವ ತಿರುವು ಅಂತಾದ್ರೂ ಹೇಳಿ, ನೂರಾರಿವೆ. ಎಲ್ಲೂ ಒಂದು ಚಕ್ರದ ಗುರುತಿಲ್ಲ" ಎಂದ. ಹೊಳೆ ಏರುತ್ತಿತ್ತು. ರಾತ್ರಿ ಕುರ್ಚಿಯಲ್ಲೇ ಕುಳಿತಿದ್ದೆ. ಗಂಡ ಎಲ್ಲಿದ್ದಾನೆ ಎಂದು ಹೇಳಲಾಗದ ಹೆಂಗಸು ನಾನೊಬ್ಬಳೇ ಇರಬೇಕು ಎನಿಸಿ ನಾಚಿಕೆಯಾಯಿತು. ಆಗಲೇ ಶೆಡ್ಡಿನ ಬಾಗಿಲು ನೆನಪಾದದ್ದು.

ಮಂಗಳವಾರ ಬೆಳಿಗ್ಗೆ ಕ್ಲೆಮ್‌ನ ಬಾಗಿಲು ಬಡಿದೆ. "ಡೆಸ್ ಬಂದಿಲ್ಲ. ಎಲ್ಲಿಗೆ ಕಳಿಸಿದೀಯ ಹೇಳು."

ಅವನು ನನ್ನ ಹೆಗಲ ಮೇಲಿಂದ ಕಾರಿನೊಳಗೆ ಇಣುಕಿ ನೋಡಿದ. "ಅವನೇ ಕಳಿಸಿದ್ನಾ ನಿನ್ನ?"

"ಏನಂದೆ?"

"ಯಾರ ಕಿವಿಗೆ ಹೂ ಇಡ್ತೀರಿ ನೀವೆಲ್ಲ? ನಾನು ಬಾಯಿ ಬಿಡ್ತೀನಾ ಅಂತ ನೋಡೋಕೆ ಬಂದಿದೀಯ."

ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಬಾರಿಸಲಿಲ್ಲ. ಚೀಲದಿಂದ ಮಾತ್ರೆಯ ಪಟ್ಟಿ ತೆಗೆದು ಅವನ ಅಂಗೈ ಮೇಲಿಟ್ಟೆ. "ನಿನ್ನೆಯಿಂದ ಇದಿಲ್ಲ ಅವನಿಗೆ. ಇದನ್ನೂ ಆಟ ಅಂತೀಯಾ?"

ಅವನು ಮಾತ್ರೆಯನ್ನು ನೋಡಿದ, ನನ್ನನ್ನು ನೋಡಿದ. ಮುಖ ಬಿಳಚಿಕೊಂಡಿತು.

"ಅದು ನನ್ನ ಜಾಗ ಅಲ್ಲ, ಗ್ಲೆನಿಸ್."

"ಯಾವುದು?"

"ಅವನಿಗೆ ಹೇಳಿದ್ದು. ಅದು ಯಾರ ಜಾಗಾನೂ ಅಲ್ಲ, ಬರೀ ಜೇಡಿ. ನೆವಿಲ್‌ಗೆ ಒಂದು ಸುಳ್ಳು ಜಾಗ ಹೇಳ್ದೆ, ಶೋನಾಗೆ ಒಂದು, ಡೆಸ್‌ಗೆ ಒಂದು. ಯಾವ ಜಾಗಕ್ಕೆ ಬೇರೆ ಜನ ಬರ್ತಾರೋ, ಆ ಜಾಗ ನನ್ನಿಂದ ಕೇಳಿದ್ದೋರೇ ನನ್ನ ಗುಟ್ಟು ಹೊರಗೆ ಹಾಕ್ತಿರೋರು ಅಂತ ಗೊತ್ತಾಗ್ಲಿ ಅಂತ."

"ಮಳೆ ಬಂದ್ರೆ?"

ಅವನು ಗೋಡೆಯ ಮೊಳೆಯಿಂದ ಪಿಕಪ್ಪಿನ ಕೀಲಿ ತೆಗೆದುಕೊಂಡ. ಜಾಗ ಯಾವುದೆಂದು ಅವನಿಂದಲೇ ಪೊಲೀಸಿನವನಿಗೆ ಫೋನಿನಲ್ಲಿ ಹೇಳಿಸಿದೆ. ಅವನು ಯಾರಿಗಾದರೂ ನಿಜವಾದ ದಾರಿ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಪೊಲೀಸಿನವನು ಹಿಂದಿನ ದಿನ ಹೋಗಿ ಬಂದಿದ್ದ ರಸ್ತೆಯೇ ಅದು. ಕ್ಲೆಮ್ ಗಾಡಿ ನಿಲ್ಲಿಸಿದಾಗ ನನಗೆ ಬರೀ ಮರಗಳು ಕಂಡವು. ಅವನು ಇಳಿದು ನಾಲ್ಕು ಹೆಜ್ಜೆ ಹೋಗಿ ನಿಂತ. ಅಲ್ಲೊಂದು ಒಣಕೊಂಬೆ ಬಿದ್ದಿತ್ತು, ಬಿದ್ದಂತೆ ಕಾಣುವ ಹಾಗೆ ಯಾರೋ ಎಳೆದು ಹಾಕಿದ್ದು. ಪಕ್ಕದ ಪೊದೆಯಲ್ಲಿ ಗುಡಿಸಿ ಬಿಸಾಡಿದ ಸೊಪ್ಪು ಬಾಡಿತ್ತು.

"ನಾನು ಹೇಳ್ಕೊಟ್ಟ ಹಾಗೇ ಮಾಡಿದಾನೆ" ಎಂದ ಕ್ಲೆಮ್. ಕೊಂಬೆ ಎತ್ತಲು ಬಗ್ಗಿದವನು ಹಾಗೇ ನಿಂತುಬಿಟ್ಟ. ನಾನೇ ಎಳೆದು ಬದಿಗೆ ಹಾಕಿದೆ.

ಆಮೇಲೆ ನಡೆದೇ ಹೋಗಬೇಕಾಯಿತು. ಜೇಡಿ ಬೂಟಿಗೆ ಹಿಡಿದು ಒಂದೊಂದು ಕಾಲೂ ಮಣಭಾರ. ದಾರಿಯುದ್ದಕ್ಕೂ ನಾನು ಕ್ಲೆಮ್‌ಗೆ ಮಂಗಳಾರತಿ ಎತ್ತುತ್ತಲೇ ಇದ್ದೆ. ಕೊನೆಗೆ ಡೆಸ್‌ನ ಪಿಕಪ್ ಕಂಡಿತು, ಹೊಟ್ಟೆಯವರೆಗೆ ಕೆಸರಿನಲ್ಲಿ ಹೂತುಕೊಂಡಿತ್ತು. ಹೊಳೆ ನೀರು ಅದರ ಮುಂದಿನ ಚಕ್ರ ಮುಟ್ಟಿತ್ತು. ಡೆಸ್ ಹಿಂಭಾಗದಲ್ಲಿ ಟಾರ್ಪಾಲಿನ ಕೆಳಗೆ ಮಲಗಿದ್ದ. ಚಕ್ರದಡಿಗೆ ದಿಮ್ಮಿ ಕೊಡಲು ಹೋಗಿ ಜಾರಿ ಕಣಕಾಲು ಮುರಿದುಕೊಂಡಿದ್ದ. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು.

ಅವನು ನನ್ನನ್ನು ನೋಡಿ ಗಾಬರಿಯಾದ. ಕಷ್ಟಪಟ್ಟು ಮೊಣಕೈ ಊರಿ ಎದ್ದು ಕ್ಲೆಮ್‌ನ ಕಡೆ ತಿರುಗಿದ.

"ನಾನು ಹೇಳಿಲ್ಲ ಕಣೋ ಕ್ಲೆಮ್. ಇವಳಿಗೂ ಹೇಳಿಲ್ಲ. ಹೇಗೆ ಬಂದ್ಳೋ ಗೊತ್ತಿಲ್ಲ."

ಕ್ಲೆಮ್ ಆ ಕೆಸರಿನಲ್ಲೇ ಕುಸಿದು ಕುಳಿತ.

ಮಾತ್ರೆ ನುಂಗಿಸಿ, ನೀರು ಕುಡಿಸಿ, ಸಹಾಯ ಬರುವುದನ್ನು ಕಾಯುತ್ತ ಕುಳಿತೆವು. ಡೆಸ್‌ಗೆ ಮಾತಾಡುವ ಹುಚ್ಚು. "ಶುಕ್ರವಾರ ಯಾರೋ ಇಬ್ರು ದೋಣಿ ಹುಟ್ಟು ಹಾಕ್ಕೊಂಡು ಬಂದ್ರು. ಇಳೀಬೋದಾ ಅಂದ್ರು. ಮೇಲ್ಗಡೆ ಬಾಗಿದ ಮರ ಇರೋ ತಿರುವಲ್ಲಿ ಒಳ್ಳೇ ಮರಳಿದೆಯಂತೆ, ಎರಡು ಸಲ ಅಲ್ಲೇ ಮಲಗಿದ್ರಂತೆ. ನಾನು ಇಳಿಯೋಕೆ ಬಿಡ್ಲಿಲ್ಲ. ಇದು ನನ್ನ ಗೆಳೆಯನ ಜಾಗ, ಮುಂದೆ ಹೋಗಿ ಅಂದೆ."

ಬಾಗಿದ ಮರದ ತಿರುವು ಯಾರದೆಂದು ಕ್ಲೆಮ್‌ನ ಮುಖವೇ ಹೇಳಿತು. ರಸ್ತೆಗೆ ದಾರ ಕಟ್ಟಿದವನು ಹೊಳೆಯ ಕಡೆ ತಿರುಗಿಯೂ ನೋಡಿರಲಿಲ್ಲ.

"ಒಳ್ಳೇ ಜಾಗ ಕೊಟ್ಟೆ ಕಣೋ" ಎಂದ ಡೆಸ್. "ಮಳೆ ಬರೋವರೆಗೆ ಒಂದು ಸದ್ದಿಲ್ಲ. ಮೂರು ದಿನ ರಾಜನ ಹಾಗಿದ್ದೆ."

ಕ್ಲೆಮ್ ಬಾಯಿ ತೆರೆದ. "ಡೆಸ್, ಈ ಜಾಗ..."

ನಾನು ಅವನ ತೋಳು ಚಿವುಟಿದೆ, ಉಗುರು ಇಳಿಯುವ ಹಾಗೆ. ಹೇಳಿ ಹಗುರಾಗಲು ಬಿಡಲಿಲ್ಲ. ಅದನ್ನು ಅವನೇ ಹೊತ್ತುಕೊಳ್ಳಲಿ. ಡೆಸ್‌ಗೆ ಅವನ ಜಾಗ ಇರಲಿ.

ಕಾಲು ಕೂಡಿತು. ಈ ವರ್ಷ ಹಂಗಾಮು ಬಂದಾಗ ಡೆಸ್ ಮತ್ತೆ ಅಲ್ಲಿಗೇ ಹೊರಟ. ಒಬ್ಬನೇ ಬೇಡ ಎಂದೆ. ಕ್ಲೆಮ್ ತನ್ನ ಬಿಳಿ ಮರಳನ್ನು ದೋಣಿಯವರಿಗೆ ಬಿಟ್ಟು, ಆ ಸೊಳ್ಳೆ ಕಾಟದ ಜೇಡಿಗೆ ಜೊತೆ ಹೋಗಲು ಒಪ್ಪಿದ. ಹೊರಡುವ ಮುಂಚೆ ತಾನಾಗಿಯೇ ಅಡುಗೆಮನೆಗೆ ಬಂದ. ಮೇಜಿನ ಮೇಲೆ ಬಿಸ್ಕತ್ತಿನ ಪುಡಿ ಎಳೆದು ಹೊಳೆ ಮಾಡಿದ, ಚಮಚ ಇಟ್ಟು ರಸ್ತೆ ಮಾಡಿದ, ಸಕ್ಕರೆ ಡಬ್ಬಿ ತೋರಿಸಿ, "ಇಲ್ಲಿರ್ತೀವಿ, ಗ್ಲೆನಿಸ್" ಎಂದ.

"ನಿಜಾನಾ?"

"ನಿಜ."

ನಂಬಿಕೆ ಬರಲಿಲ್ಲ. ಅವರು ಹೋಗಿ ಅರ್ಧ ಗಂಟೆ ಬಿಟ್ಟು ನಾನೂ ಕಾರು ತೆಗೆದೆ. ದಾರಿಯ ಬಾಯಿಗೆ ಬಂದರೆ ಚಕ್ರದ ಗುರುತು ಕುರುಡರಿಗೂ ಕಾಣುವಷ್ಟು ಸ್ಪಷ್ಟವಾಗಿತ್ತು. ಹಳೆಯ ಕೊಂಬೆ ನಾನು ಎಳೆದು ಹಾಕಿದ್ದಲ್ಲೇ ಬದಿಗೆ ಬಿದ್ದಿತ್ತು. ಕ್ಲೆಮ್ ಅದನ್ನು ಮುಟ್ಟಿರಲಿಲ್ಲ.

ಅಷ್ಟರಲ್ಲಿ ರಸ್ತೆಯಲ್ಲಿ ಒಂದು ಗಾಡಿ ನಿಧಾನವಾಗಿ ಬಂತು, ಪರ ಊರಿನವರು, ಗಾಡಿಯ ಮೇಲೆ ಡೇರೆ ಕಟ್ಟಿಕೊಂಡಿದ್ದರು.

"ಅಮ್ಮಾ, ಈ ದಾರೀಲಿ ಹೊಳೆಗೆ ಹೋಗ್ಬೋದಾ?"

"ಇಲ್ಲಪ್ಪ. ಅಲ್ಲಿ" ಎಂದು ಸೇತುವೆಯ ಕಡೆ ಬೆರಳು ತೋರಿಸಿದೆ.

ಅವರು ಮರೆಯಾಗುವವರೆಗೆ ಕಾದೆ. ಆಮೇಲೆ ಸೊಪ್ಪು ಮುರಿದು ಗುರುತನ್ನೆಲ್ಲ ಗುಡಿಸಿ, ಆ ಕೊಂಬೆಯನ್ನು ಎಳೆದು ದಾರಿಗೆ ಅಡ್ಡ ಹಾಕಿದೆ.